ಸಹಾಯ ಬೇಕು: ಸ್ಟೀಲ್ ಸಿಲಿಂಡರ್‌ಗೆ ಬದಲಾದ್ರೆ ಸೀಸ ಎಷ್ಟು ಕಳೀಬೇಕು?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಕಡೆಯವನು. ಇಲ್ಲಿವರೆಗೆ ಸ್ಕೂಬಾ ಡೈವ್ ಮಾಡಿದ್ದೆಲ್ಲ ಸಮುದ್ರದಲ್ಲಿ, ಮುರುಡೇಶ್ವರದ ಹತ್ರ ನೇತ್ರಾಣಿ ದ್ವೀಪದಲ್ಲಿ. 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರ್, 3 ಎಂಎಂ ವೆಟ್‌ಸೂಟ್, ತೇಲದೆ ಮುಳುಗೋಕೆ ಸೊಂಟಕ್ಕೆ 6 ಕೆಜಿ ಸೀಸ. ಅಲ್ಲಿ ಏನೂ ತೊಂದರೆ ಇರ್ಲಿಲ್ಲ.

ಈಗ ಗೆಳೆಯನ ಹತ್ರ 12 ಲೀಟರಿನ ಸ್ಟೀಲ್ ಸಿಲಿಂಡರ್ ಸಿಕ್ಕಿದೆ. ಇಬ್ಬರೂ ಸೇರಿ ನಮ್ಮ ಕಾಫಿ ತೋಟದ ಕೆರೆಯಲ್ಲಿ ಅಭ್ಯಾಸ ಮಾಡ್ತಿದ್ದೀವಿ, ಆಳ ನಾಲ್ಕು ಮೀಟರ್. ಮೊದಲ ದಿನ 6 ಕೆಜಿಯಲ್ಲೇ ಇಳಿದೆ, ಕಲ್ಲು ಬಿದ್ದ ಹಾಗೆ ತಳ ಸೇರಿದೆ. ಕೆಸರೆದ್ದು ನನ್ನ ಕೈಯೇ ನನಗೆ ಕಾಣ್ಲಿಲ್ಲ, ನಿಜವಾಗ್ಲೂ ಹೆದರಿದೆ. ಆಮೇಲೆ 4 ಕೆಜಿ ಮಾಡಿದೆ. ಆದ್ರೂ ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಾಗ ಬಿಸಿಡಿಯ (ಗಾಳಿ ತುಂಬಿ ತೇಲಿಸೋ ಜಾಕೆಟ್) ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಉಸಿರು ಹಿಡಿದು ನಿಂತ್ರೆ, ಸೀಸ ಸರಿ ಇದ್ದಾಗ ನಿಲ್ಲೋ ಹಾಗೆ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಲ್ಲ, ತಲೆ ಮುಳುಗೇ ಹೋಗುತ್ತೆ.

ಅಲ್ಯೂಮಿನಿಯಂ ಖಾಲಿಯಾದ್ರೆ ಸುಮಾರು 2 ಕೆಜಿಯಷ್ಟು ಮೇಲಕ್ಕೆ ಎಳೆಯುತ್ತೆ, ಸ್ಟೀಲ್ ಖಾಲಿಯಾದ್ರೂ ಮುಳುಗೇ ಇರುತ್ತೆ, ಇದು ಗೊತ್ತು. ಸಿಹಿನೀರು ಸಮುದ್ರದ ನೀರಿಗಿಂತ ಶೇಕಡಾ 2.5ರಷ್ಟು ಹಗುರ. ನಾನೂ ಸಾಮಾನೂ ಸೇರಿ 100 ಕೆಜಿ ಅಂದ್ರೆ ಅಲ್ಲೇ 2.5 ಕೆಜಿ ಕಳೀಬೇಕು. ಸಿಲಿಂಡರಿನ ವ್ಯತ್ಯಾಸ, ನೀರಿನ ವ್ಯತ್ಯಾಸ ಎರಡೂ ಕಳೆದ್ರೆ ಸೀಸ ಬಹುಶಃ 1 ಕೆಜಿಗೆ ಬರುತ್ತೆ. ಅಷ್ಟು ಕಡಿಮೆ ಹಾಕೋಕೆ ಧೈರ್ಯ ಬರ್ತಿಲ್ಲ, ಕೊನೆಗೆ ತೇಲಿಬಿಟ್ರೆ ಅಂತ. ತುಂಬಿದ ಸಿಲಿಂಡರ್ ಒಳಗಿನ ಗಾಳಿನೇ ಎರಡೂವರೆ ಕೆಜಿ ಮೇಲೆ ತೂಗುತ್ತಲ್ಲ, ಉಸಿರಾಡ್ತಾ ಹೋದ ಹಾಗೆ ಆ ತೂಕ ಕಮ್ಮಿಯಾಗುತ್ತೆ!

ನನ್ನ ಪ್ರಶ್ನೆ ಇಷ್ಟೇ: 50 ಬಾರ್‌ನಲ್ಲಿ ಪರೀಕ್ಷೆ ಮಾಡಿದ್ರೆ ಗಾಳಿಯ ತೂಕ ಲೆಕ್ಕಕ್ಕೆ ಬಂದೇ ಬಿಡುತ್ತಾ, ಇಲ್ಲಾ ಅದಕ್ಕೆ ಬೇರೆ ಸೀಸ ಸೇರಿಸ್ಬೇಕಾ? ಇದೇ ಸ್ಟೀಲ್ ಸಿಲಿಂಡರ್ ನೇತ್ರಾಣಿಗೆ ಒಯ್ದ್ರೆ ಎಷ್ಟು ಕೆಜಿಯಿಂದ ಶುರು ಮಾಡ್ಲಿ? ಸ್ಟೀಲ್ ಬಳಸಿ ಅನುಭವ ಇರೋರು ದಯವಿಟ್ಟು ಹೇಳಿ.