ಸಹಾಯ ಬೇಕು: ಅಂತರ್ಜಲ ಶುದ್ಧೀಕರಣದ ಕೊಳವೆಬಾವಿಗಳಲ್ಲಿ ಕಟ್ಟುತ್ತಿರುವ ಲೋಳೆ

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶವೊಂದರಲ್ಲಿ ನೆಲದಡಿಯ ಟ್ಯಾಂಕಿನಿಂದ ಸೋರಿದ ಡೀಸೆಲ್ ಅಂತರ್ಜಲಕ್ಕೆ ಸೇರಿದ್ದು, ಆ ನೀರನ್ನು 4 ಕೊಳವೆಬಾವಿಗಳಿಂದ ಮೇಲೆತ್ತಿ ಶುದ್ಧೀಕರಿಸುವ ಘಟಕದ ನಿರ್ವಹಣೆ ನನ್ನ ಹೊಣೆಯಾಗಿದೆ. ಕಳೆದ ಮಳೆಗಾಲದ ನಂತರ 2 ಬಾವಿಗಳಲ್ಲಿ, ಮೊದಲಿನಷ್ಟೇ ನೀರೆತ್ತಿದರೂ ನೀರಿನ ಮಟ್ಟ ಬಹಳ ಕೆಳಗಿಳಿಯುತ್ತಿದೆ. ಪಂಪನ್ನು ಹೊರತೆಗೆದಾಗ ಅದರ ಜಾಲರಿಗೆ ತುಕ್ಕಿನ ಬಣ್ಣದ ದಪ್ಪ ಲೋಳೆ ಅಂಟಿತ್ತು. ಡೀಸೆಲನ್ನು ತಿನ್ನುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನು ಮುಗಿಸಿದ ಮೇಲೆ ಮಣ್ಣಿನ ಕಬ್ಬಿಣ ಕರಗಿ ಬರುತ್ತದೆ, ಬಾವಿಯಲ್ಲಿ ಅದಕ್ಕೆ ಗಾಳಿ ಸೋಕಿದೊಡನೆ ಗ್ಯಾಲಿಯೊನೆಲ್ಲಾದಂತಹ ಕಬ್ಬಿಣದ ಬ್ಯಾಕ್ಟೀರಿಯಾಗಳು ಬೆಳೆದು ಈ ಲೋಳೆ ಕಟ್ಟುತ್ತವೆ ಎಂಬುದು ನನ್ನ ತಿಳಿವಳಿಕೆ.

ಲೋಳೆಯ ಜೀವಿಗಳನ್ನು ಕೊಲ್ಲಲು ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ಬ್ಲೀಚ್ ದ್ರಾವಣ) ಸುರಿದು ಒಂದು ರಾತ್ರಿ ಬಿಟ್ಟೆವು. ಮೂರು ವಾರದಲ್ಲಿ ಮತ್ತೆ ಅದೇ ಸ್ಥಿತಿ. ಕ್ಲೋರಿನ್ ಮೇಲ್ಪದರದ ಜೀವಿಗಳನ್ನಷ್ಟೇ ಕೊಂದಿತೇ ಹೊರತು ಒಳಗಿನ ಕಬ್ಬಿಣದ ಗಸಿಯನ್ನು ಕರಗಿಸಲಿಲ್ಲವೆಂದು ತೋರುತ್ತದೆ. ಅಲ್ಲದೆ ಸಾವಯವ ವಸ್ತುಗಳಿರುವ ನೀರಿನಲ್ಲಿ ಕ್ಲೋರಿನ್‌ನಿಂದ ಕ್ಲೋರೋಫಾರ್ಮ್ ಉಂಟಾಗಬಹುದು. ಶುದ್ಧಗೊಳಿಸಬೇಕಾದ ನೀರಿಗೆ ನಮ್ಮ ಕೈಯಿಂದಲೇ ಇನ್ನೊಂದು ವಿಷ ಸೇರುವುದು ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಈ ಬಾರಿ ಮೊದಲು ನೈಲಾನ್ ಬ್ರಷ್‌ನಿಂದ ಉಜ್ಜಿ, ಗಸಿಯನ್ನು ಹೊರತೆಗೆದು, ಬಳಿಕ ಗ್ಲೈಕಾಲಿಕ್ ಅಥವಾ ಆಕ್ಸಾಲಿಕ್ ಆಮ್ಲ ಬಳಸಬೇಕೆಂದಿದ್ದೇನೆ. ಆಮ್ಲವೂ ಹೈಪೋಕ್ಲೋರೈಟೂ ಬೆರೆತರೆ ಕ್ಲೋರಿನ್ ಅನಿಲ ಏಳುವುದರಿಂದ ಆಮ್ಲ ಹಾಕುವ ಮೊದಲು ಬಾವಿಯನ್ನು ಪೂರ್ತಿ ತೊಳೆಯುತ್ತೇವೆ. ರಂಧ್ರವಿರುವ ಪಿವಿಸಿ ಕೇಸಿಂಗ್ (ಬಾವಿಯೊಳಗೆ ಇಳಿಸಿದ ಪ್ಲಾಸ್ಟಿಕ್ ಕೊಳವೆ) ಇರುವ ಇಂತಹ ಬಾವಿಗಳಲ್ಲಿ ಈ ಕೆಲಸ ಮಾಡಿದವರು ಆಮ್ಲದ ಪ್ರಮಾಣ, ಅದನ್ನು ಬಿಡಬೇಕಾದ ಸಮಯ, ಹೊರಬಂದ ನೀರಿನ ವಿಲೇವಾರಿ, ಇವುಗಳ ಬಗ್ಗೆ ದಯವಿಟ್ಟು ತಿಳಿಸಬೇಕು. ಪಂಪನ್ನು ಆಗಾಗ ನಿಲ್ಲಿಸುವ ಬದಲು ಕಡಿಮೆ ವೇಗದಲ್ಲಿ ಸತತವಾಗಿ ಓಡಿಸಿದರೆ ಲೋಳೆ ತಡವಾಗಿ ಕಟ್ಟುವುದೇ ಎಂಬುದನ್ನೂ ಅನುಭವದಿಂದ ಹೇಳಬಲ್ಲವರಿದ್ದರೆ ಬರೆಯಿರಿ.