ಮಾತ್ರೆ ಬಿಟ್ಟು ಮಧುನಾಶಿನಿ ತಿನ್ನಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಹಾಸನದಿಂದ:
ನಮ್ಮಪ್ಪನಿಗೆ 61 ವರ್ಷ. ಶುಗರ್ ಬಂದು ಆರು ವರ್ಷ ಆಯ್ತು. ಹೋದ ವಾರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8.1 ಬಂದಿದೆ. ಮಾತ್ರೆ ನುಂಗಿ ನುಂಗಿ ಸಾಕಾಗಿದೆ, ಇನ್ನು ಮಧುನಾಶಿನಿ ಮತ್ತು ಇನ್ಸುಲಿನ್ ಗಿಡದ ಎಲೆ ಮಾತ್ರ ತಿನ್ನುತ್ತೇನೆ ಅಂತ ಹಟ ಹಿಡಿದಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಬಳಸಿದ್ದೀರಾ? ಏನಾಯ್ತು?

ಸಾಗರದಿಂದ:
ದಯವಿಟ್ಟು ಮಾತ್ರೆ ಬಿಡಿಸಬೇಡಿ. ಎಲೆ, ಕಾಯಿ, ಬೀಜ ಏನೇ ಕೊಟ್ಟರೂ ಡಾಕ್ಟರಿಗೆ ಹೇಳಿ, ಮಾತ್ರೆಯ ಜೊತೆಗೆ ಕೊಡಿ. ಅದೂ ಒಂದು ಸಲಕ್ಕೆ ಒಂದೇ. ನಾವು ಇದನ್ನು ಪಾಡುಪಟ್ಟು ಕಲಿತೆವು.

ನಮ್ಮಮ್ಮನಿಗೆ ಗ್ಲಿಮೆಪಿರೈಡ್ ಮಾತ್ರೆ ಇತ್ತು. ಬೇಲಿಯಲ್ಲೇ ಮಧುನಾಶಿನಿ ಬಳ್ಳಿ. ದಿನಾ ನಾಲ್ಕು ಎಲೆ ಅಗಿಯಲು ಶುರು ಮಾಡಿದರು. ಆ ಎಲೆ ಅಗಿದ ಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಾಗುತ್ತದೆ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ತಿಳಿಯದ ಹಾಗೆ ಮಾಡುತ್ತದೆ. ಅಮ್ಮನಿಗೆ ಅದರಿಂದಲೇ ನಂಬಿಕೆ ಬಂತು. ವಾರದೊಳಗೆ ನೇರಳೆ ಬೀಜದ ಪುಡಿ, ಹಾಗಲಕಾಯಿ ರಸ ಎರಡೂ ಸೇರಿಕೊಂಡವು.

ಒಂದು ಹಬ್ಬದ ಬೆಳಿಗ್ಗೆ ಮಾತ್ರೆ ನುಂಗಿ, ಎಲೆ ಅಗಿದು, ರಸ ಕುಡಿದು, ತಿಂಡಿ ಆಮೇಲೆ ಅಂತ ರಂಗೋಲಿ ಹಾಕಲು ಕೂತರು. ಏಳಲು ಆಗಲಿಲ್ಲ. ಬೆರಳು ನಡುಗಿ ಎಳೆ ವಕ್ರವಾಗಿತ್ತು, ಹಣೆಯ ಮೇಲೆ ತಣ್ಣನೆ ಬೆವರು. ಮೀಟರ್‌ನಲ್ಲಿ ಶುಗರ್ ನೋಡಿದರೆ ಬರೀ 54! ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದೆ. "ಏನೇ, ಬರೀ ನೀರು ಕುಡಿಸ್ತಿದ್ದೀಯಲ್ಲೇ" ಅಂದರು. ಎಲೆ ಅಗಿದ ನಾಲಿಗೆ ಅಲ್ವಾ, ಸಿಹಿ ಗೊತ್ತಾಗಿರಲಿಲ್ಲ. ಹದಿನೈದು ನಿಮಿಷಕ್ಕೆ 82ಕ್ಕೆ ಬಂತು. ಅವರಿಗೆ ಎಚ್ಚರ ಇತ್ತು, ಹಾಗಾಗಿ ಕುಡಿಸಿದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ ಹೋಗಬೇಕು.

ಡಾಕ್ಟರು ಬೈಯಲಿಲ್ಲ. ಈ ಮಾತ್ರೆ ದೇಹದಿಂದ ಇನ್ಸುಲಿನ್ ಜಾಸ್ತಿ ಬಿಡಿಸುತ್ತದೆ, ಅದರ ಮೇಲೆ ಎಲೆಯೂ ರಸವೂ ಸಕ್ಕರೆ ಇಳಿಸಿದರೆ ಹೀಗೇ ಆಗುವುದು ಅಂದರು. ಈಗ ಅಮ್ಮ ಉಳಿಸಿಕೊಂಡಿರುವುದು ಮೆಂತ್ಯ ಒಂದೇ. ರಾತ್ರಿ ಎರಡು ಚಮಚ ನೆನೆಹಾಕಿ, ಬೆಳಿಗ್ಗೆ ಕಾಳನ್ನೂ ಅಗಿದು ತಿನ್ನುತ್ತಾರೆ. ನೀರು ಕುಡಿದು ಕಾಳು ಚೆಲ್ಲುವವರು ತುಂಬಾ ಜನ ಇದ್ದಾರೆ, ಹಾಗೆ ಮಾಡಬೇಡಿ. ಆ ಲೋಳೆಯಂಥ ನಾರೇ ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದಿನಕ್ಕೆ 25 ಗ್ರಾಂ ಕೊಟ್ಟು ನೋಡಿದ್ದಾರೆ. ಅಷ್ಟು ತಿಂದರೆ ಅಮ್ಮನಿಗೆ ಹೊಟ್ಟೆ ಉಬ್ಬರಿಸುತ್ತದೆ.

ಉಡುಪಿಯಿಂದ:
ಇನ್ಸುಲಿನ್ ಗಿಡ ನಮ್ಮ ಅಂಗಳದಲ್ಲಿದೆ. ಎಲೆ ಹುಳಿ. ಹೆಸರು ಹಾಗಿದೆಯೇ ಹೊರತು ಅದರಲ್ಲಿ ಇನ್ಸುಲಿನ್ ಇಲ್ಲ. ನಮ್ಮ ಯಜಮಾನರು ಮೂರು ತಿಂಗಳು ದಿನಾ ಎರಡೆಲೆ ತಿಂದರು. ಖಾಲಿ ಹೊಟ್ಟೆಯ ಶುಗರ್ ಸ್ವಲ್ಪ ಇಳಿಯಿತು. ಆದರೆ ಅದೇ ಸಮಯಕ್ಕೆ ರಾತ್ರಿ ಅನ್ನ ಕಡಿಮೆ ಮಾಡಿ ವಾಕಿಂಗ್ ಹಿಡಿದಿದ್ದರು. ಎಲೆಯಿಂದಲೇ ಇಳಿಯಿತು ಅಂತ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ತುಮಕೂರಿನಿಂದ:
ನಮ್ಮ ಮಾವ ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಾರೆ. ನೀರು ಕಂದು ಬಣ್ಣಕ್ಕೆ ತಿರುಗಿ, ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ಲೋಟ ಬಣ್ಣ ಬಿಡುವುದು ನಿಂತರೂ ವರ್ಷಗಟ್ಟಲೆ ಅದೇ ಲೋಟ ಇಟ್ಟುಕೊಂಡಿದ್ದರು! ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಇನ್ನೊಂದು, ಏನು ಹಾಕಿದ್ದಾರೆ ಅಂತ ಬರೆಯದ 'ಶುಗರ್ ಪುಡಿ' ಪೊಟ್ಟಣ ತರಲೇಬೇಡಿ.

ಹಾಸನದಿಂದ, ಮತ್ತೆ:
ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೂ ಬೆಳಿಗ್ಗೆ ಗ್ಲಿಮೆಪಿರೈಡ್ ಇದೆ, ಈಗ ಚೀಟಿ ನೋಡಿದೆ. ರಾತ್ರಿ ಮೆಟ್‌ಫಾರ್ಮಿನ್. ರಂಗೋಲಿಯ ವಿಷಯ ಓದಿ ಹೇಳಿದೆ, ಸುಮ್ನೆ ಕೇಳಿಸಿಕೊಂಡರು. ಆದರೂ ಗಿಡದ ಔಷಧಿಯೇ ಒಳ್ಳೆಯದು ಅಂತಾರೆ.

ಸಾಗರದಿಂದ:
ಹಾಗಾದರೆ ಅವರಿಗೆ ಇದನ್ನೂ ಹೇಳಿ. ಯುರೋಪಿನಲ್ಲಿ ಗಲೇಗಾ ಅಂತ ಒಂದು ಗಿಡ ಇದೆ. ಅದರಲ್ಲಿ ಸಿಕ್ಕ ವಸ್ತುವಿನ ಜಾಡು ಹಿಡಿದೇ ಮೆಟ್‌ಫಾರ್ಮಿನ್ ಮಾಡಿದ್ದು. ಅವರು ರಾತ್ರಿ ನುಂಗುವ ಮಾತ್ರೆಯ ಮೂಲವೂ ಗಿಡವೇ. ಮೆಂತ್ಯ ಶುರು ಮಾಡುವುದಾದರೆ ಡಾಕ್ಟರಿಗೆ ಹೇಳಿ ಒಂದು ಚಮಚದಿಂದ ಮಾಡಿ. ಮೊದಲ ಎರಡು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ತಿಂಡಿಯಾಗಿ ಎರಡು ಗಂಟೆ ಕಳೆದ ಮೇಲೆ ಮೀಟರ್‌ನಲ್ಲಿ ನೋಡಿ ಬರೆದಿಡಿ. 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಸಕ್ಕರೆ ಕೊಟ್ಟು ಡಾಕ್ಟರಿಗೆ ಫೋನ್ ಮಾಡಿ.