ಅಪ್‌ಡೇಟ್: ತಟ್ಟೆ ಎಸೆಯೋ ಮಗನ ಕಥೆ ಎಲ್ಲಿಗೆ ಬಂತು

ನಾಲ್ಕು ವರ್ಷದ ಮಗ ಬೇಡ ಅಂದ್ರೆ ತಟ್ಟೆ ಎಸೀತಾನೆ, ತಂಗಿಗೆ ಹೊಡೀತಾನೆ, ಏನ್ ಮಾಡ್ಲಿ ಅಂತ ನಲವತ್ತು ದಿನದ ಹಿಂದೆ ಕೇಳಿದ್ದೆ.

ಮೊಬೈಲ್ ಕಿತ್ಕೊಳ್ಳಿ ಅನ್ನೋ ಸಲಹೆ ಮೂರೇ ದಿನಕ್ಕೆ ಮಕಾಡೆ ಮಲಗ್ತು. ಅತ್ತೆ ದೃಷ್ಟಿ ತೆಗೆದ್ರು, ಮೆಣಸಿನಕಾಯಿ ಘಾಟಿಗೆ ಕೆಮ್ಮಿದ್ದು ನಾವೇ.

ಕೈ ಹಿಡಿದಿದ್ದು ಪಿಸಿಐಟಿ (ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ, ಅಂದ್ರೆ ಹೆತ್ತವರು-ಮಗು ಒಡನಾಟದ ಚಿಕಿತ್ಸೆ) ಹೇಳಿದವರ ಮಾತು. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ್ದು ಅಂತೆ, 2ರಿಂದ 7 ವರ್ಷದ ಮಕ್ಕಳಿಗೆ. ಹಾಸನದಿಂದ ವಾರವಾರ ಬೆಂಗಳೂರಿಗೆ ಓಡಾಡೋಕಾಗಲ್ಲ ಅಂದಿದ್ದಕ್ಕೆ ಅಲ್ಲಿನ ಮನಶ್ಶಾಸ್ತ್ರಜ್ಞೆ ವಿಡಿಯೋ ಕಾಲ್‌ನಲ್ಲೇ ನೋಡ್ತಾ, ಇಯರ್‌ಫೋನಲ್ಲಿ ನನಗೆ ಹೇಳ್ಕೊಡ್ತಾರೆ.

ಆಶ್ಚರ್ಯ ಅಂದ್ರೆ ತರಬೇತಿ ಅವನಿಗಲ್ಲ, ನನಗೆ! ದಿನಾ 5 ನಿಮಿಷ ಅವನು ಆಡಿಸಿದಂಗೆ ಆಟ. ಪ್ರಶ್ನೆ ಕೇಳಂಗಿಲ್ಲ, ಅಪ್ಪಣೆ ಮಾಡಂಗಿಲ್ಲ, ತಪ್ಪು ಹುಡುಕಂಗಿಲ್ಲ. ‘ಇದ್ಯಾವ ಬಣ್ಣ ಪುಟ್ಟಾ?’ ಅಂದ ಕೂಡ್ಲೇ ಕಿವಿಯಲ್ಲಿ ‘ಪ್ರಶ್ನೆ ಬಂತು ನೋಡಿ’ ಅಂತಾರೆ. ಮೊದಲ ವಾರ ಬಾಯಿ ಕಟ್ಟಿ ಹಾಕಿದಂಗಾಗಿತ್ತು. ಬರೀ ‘ಜಾಣ’ ಅಂದ್ರೂ ಸಾಲದು, ‘ಬ್ಲಾಕ್ ಮೆಲ್ಲಗೆ ಇಟ್ಯಲ್ಲ, ಖುಷಿಯಾಯ್ತು’ ಅಂತ ಬಿಡಿಸಿ ಹೇಳ್ಬೇಕು. ಸಣ್ಣ ರಂಪ ಮಾಡಿದ್ರೆ ನೋಡಿದ್ರೂ ನೋಡದಂಗೆ ಇರೋದು, ಹೊಡೆದ್ರೆ ಆಟ ಅಲ್ಲಿಗೇ ಬಂದ್.

ತಟ್ಟೆ ಹಾರಿ ಎರಡು ವಾರ ಆಯ್ತು. ತಂಗಿಗೆ ಹೊಡೆಯೋದು ಮಾತ್ರ ಪೂರ್ತಿ ನಿಂತಿಲ್ಲ. ಹೇಳಿದ ಮಾತು ಕೇಳಿಸೋ ಎರಡನೇ ಹಂತ ಮುಂದಿನ ವಾರದಿಂದ.

ಅಂದಹಾಗೆ, ಬಾಗಿಲ ಹಿಂದೆ ನಿಂತು ಅತ್ತೆಯೂ ಕಲ್ತಿದ್ದಾರೆ. ಮೊನ್ನೆ ‘ಸಾರಿಗೆ ಉಪ್ಪು ಹದವಾಗಿ ಹಾಕಿದ್ದೀಯ ಕಣಮ್ಮ’ ಅಂದ್ರು. ಒಂಬತ್ತು ವರ್ಷದಲ್ಲಿ ಇದೇ ಮೊದಲು.